ಮಾರುವ ಮೊದಲೇ ಪರೀಕ್ಷೆ ಮಾಡಿ
ಶಿವಾಜಿನಗರದ ರಸೆಲ್ ಮಾರ್ಕೆಟ್ ಸುತ್ತ ಪ್ರಾಣಿ-ಪಕ್ಷಿ ಮಾರುವ ಅಂಗಡಿಗಳಿವೆ. ಅಲ್ಲಿ ಹೊರದೇಶದ ಪ್ರಾಣಿಯ ಮಾತು ಬಂದಾಗೆಲ್ಲ ನಮಗೆ ನೆನಪಾಗುವುದು ಬಸವನಹುಳು.

1847ರಲ್ಲಿ ಬೆನ್ಸನ್ ಎಂಬಾತ ಮಾರಿಷಸ್‌ನಿಂದ ಕೋಲ್ಕತ್ತಕ್ಕೆ ತಂದ ಆಫ್ರಿಕದ ದೈತ್ಯ ಬಸವನಹುಳು ಇಂದು ನಮ್ಮ ಅಡಿಕೆ, ಪಪ್ಪಾಯಿ ತೋಟಗಳನ್ನು ಮೇಯುತ್ತಿದೆ. ಒಂದೊಂದು ಹುಳು ನೂರಾರು ಮೊಟ್ಟೆ ಇಡುತ್ತದೆ. ಮಳೆಗಾಲದ ರಾತ್ರಿ ಟಾರ್ಚ್ ಹಿಡಿದು ಆರಿಸಿ ಉಪ್ಪುನೀರಿಗೆ ಹಾಕುವ ಕರ್ಮ ಮಾತ್ರ ರೈತನದು. ತಂದವನಿಗೇನು, ಅವನು ಹೋಗಿಯಾಯಿತು!

ಕಾನೂನಿಲ್ಲವೇ? ಇದೆ. ವನ್ಯಜೀವಿ ಕಾಯ್ದೆಗೆ 2022ರ ತಿದ್ದುಪಡಿಯಲ್ಲಿ ಸೇರಿದ 62ಎ ಕಲಂ, ಇಂಥ ಜೀವಿಗಳ ಆಮದು, ಮಾರಾಟ ತಡೆಯುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ಅಧಿಕಾರ ಇದ್ದರಷ್ಟೇ ಸಾಲದು. ನಮ್ಮ ಹವೆಗೆ ಒಗ್ಗುತ್ತದೆಯೇ, ಏನು ತಿನ್ನುತ್ತದೆ, ತಪ್ಪಿಸಿಕೊಂಡರೆ ಹಿಡಿಯಲಾದೀತೇ ಎಂದು ಅಂಗಡಿಗೆ ಬರುವ ಮೊದಲೇ ಪರೀಕ್ಷಿಸಲಿ. ಆ ವರದಿ ಕನ್ನಡದಲ್ಲಿ ನಮ್ಮ ಪಂಚಾಯಿತಿ ಬೋರ್ಡಿಗೂ ಬರಲಿ.