ಹಳ್ಳದ ನೀರನ್ನೂ ಅಳೆಯಬೇಕು

ಹುನಗುಂದ ಸೀಮೆಯ ವಾರ್ಷಿಕ ಮಳೆಯು ಸರಾಸರಿ 600 ಮಿ.ಮೀ. ಆಸುಪಾಸಿನಲ್ಲಿದೆ. ಈ ಅಂಕಿಯನ್ನಷ್ಟೇ ಕಂಡವರು ಇಲ್ಲಿ ನೀರಿನ ಅಭಾವವೊಂದೇ ಸಮಸ್ಯೆಯೆಂದು ಭಾವಿಸಬಹುದು. ಆದರೆ ಬೇಸಗೆಯಲ್ಲಿ ಬತ್ತಿ ಮಲಗಿದ ಹಳ್ಳವೇ ಮಳೆಗಾಲದ ಒಂದು ಸಂಜೆ ಒಡ್ಡುಗಳನ್ನು ಒಡೆದು, ಹೊಲದ ಮೇಲ್ಮಣ್ಣನ್ನು ಹೊತ್ತು ಹರಿಯುವುದುಂಟು. 2009ರ ಸೆಪ್ಟೆಂಬರ್ ಅಂತ್ಯದ ಮಳೆಯಿಂದ ಉತ್ತರ ಕರ್ನಾಟಕಕ್ಕೆ ಬಂದೊದಗಿದ ನೆರೆಯನ್ನು ನಮ್ಮ ಜನ ಮರೆತಿಲ್ಲ. ಬರವೂ ನೆರೆಯೂ ಒಂದೇ ನೆಲದಲ್ಲಿ ಹೇಗೆ ಕೂಡಿ ಬಾಳುತ್ತವೆ?

ಇದನ್ನು ತಿಳಿಯಲು ಮಳೆಯ ಮೊತ್ತದೊಡನೆ ಅದರ ರಭಸವನ್ನೂ ಗಣಿಸಬೇಕು. 100 ಹೆಕ್ಟೇರಿನ ಜಲಾನಯನ ಪ್ರದೇಶವೊಂದನ್ನು ಊಹಿಸೋಣ. ಅಲ್ಲಿಯ ಮಣ್ಣು ಗಂಟೆಗೆ 10 ಮಿ.ಮೀ. ನೀರನ್ನು ಹೀರಬಲ್ಲುದೆನ್ನೋಣ. 30 ಮಿ.ಮೀ. ಮಳೆಯು ಆರು ಗಂಟೆಗಳ ಕಾಲ ಸಮನಾಗಿ ಬಿದ್ದರೆ ಎಲ್ಲವೂ ನೆಲಕ್ಕೆ ಇಂಗುವುದು. ಅದೇ ಮಳೆ ಒಂದೇ ಗಂಟೆಯಲ್ಲಿ ಸುರಿದರೆ 20 ಮಿ.ಮೀ. ಹೊರಗೆ ಉಳಿಯುವುದು, ಎಂದರೆ 20,000 ಘನಮೀಟರ್ ನೀರು ಹಳ್ಳಕ್ಕೆ ಧಾವಿಸುವುದು. ಅಮೆರಿಕದ ರಾಬರ್ಟ್ ಹಾರ್ಟನ್ 1933ರಲ್ಲಿ ಪ್ರತಿಪಾದಿಸಿದ ತತ್ತ್ವವಿದು.

ನಮ್ಮ ಎರೆಮಣ್ಣು ಈ ಲೆಕ್ಕವನ್ನು ಇನ್ನಷ್ಟು ತೊಡಕಾಗಿಸುತ್ತದೆ. ಬೇಸಗೆಯಲ್ಲಿ ಬಾಯಿಬಿಟ್ಟ ಬಿರುಕುಗಳು ಮೊದಲ ಮಳೆಯನ್ನು ನುಂಗಿಬಿಡುತ್ತವೆ. ನೆನೆದ ಮೇಲೆ ಮಣ್ಣು ಉಬ್ಬಿ ಬಿರುಕುಗಳು ಮುಚ್ಚುವುವು. ಆಗ ನೀರು ಇಂಗುವುದು ಬಲು ನಿಧಾನ. ಆದುದರಿಂದ ಜೂನ್ ತಿಂಗಳಲ್ಲಿ ಹಳ್ಳವನ್ನೇ ಮುಟ್ಟದಂಥ ಮಳೆ ಸೆಪ್ಟೆಂಬರಿನಲ್ಲಿ ಒಡ್ಡನ್ನು ಒಡೆಯಬಲ್ಲುದು.

ಹರಿದುಹೋಗುವ ನೀರನ್ನು ಅಂದಾಜು ಮಾಡಲು ಇಂಜಿನಿಯರರು ಬಳಸುವ 'ಕರ್ವ್ ನಂಬರ್' ವಿಧಾನವು 1950ರ ದಶಕದಲ್ಲಿ ಅಮೆರಿಕದ ಕೃಷಿಭೂಮಿಗಳ ಅಳತೆಗಳಿಂದ ರೂಪುಗೊಂಡಿತು. ಎರೆಮಣ್ಣಿಗೆ ಹೊಂದುವಂತೆ ಅದನ್ನು ಭಾರತದಲ್ಲಿ ತಿದ್ದಿದ್ದೂ ಉಂಟು. ಆದರೂ ಒಂದೊಂದು ಹಳ್ಳದ ಇಳಿಜಾರು, ಬೆಳೆ, ಒಡ್ಡುಗಳು ಬೇರೆಬೇರೆ. ಸ್ಥಳದಲ್ಲಿ ಪರೀಕ್ಷಿಸದೆ ಯಾವ ಗುಣಾಂಕವನ್ನೂ ಒಪ್ಪುವುದು ವಿಜ್ಞಾನದ ರೀತಿಯಲ್ಲ.

ಮಳೆಯನ್ನು ಅಳೆಯುವ ಕಾರ್ಯವೇನೋ ನಡೆದಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಸ್ಥಾಪಿಸಿದೆ. ಕೊರತೆಯಿರುವುದು ಸಣ್ಣ ಹಳ್ಳಗಳ ಅಳತೆಯಲ್ಲಿ. ಈ ಹೊಣೆಯನ್ನು ನಮ್ಮ ಶಾಲೆ ಕಾಲೇಜುಗಳು ವಹಿಸಿಕೊಳ್ಳಬೇಕೆಂದು ನಾವು ಹೇಳುತ್ತೇವೆ. ಸೇತುವೆಯ ಕಂಬಕ್ಕೆ ಮೀಟರಿನ ಗುರುತುಗಳನ್ನು ಬರೆದು ನೀರಿನ ಎತ್ತರವನ್ನು ನೋಡಬಹುದು. ತೇಲಿಬರುವ ಕಡ್ಡಿಯು ಗೊತ್ತಾದ ದೂರವನ್ನು ಎಷ್ಟು ಸೆಕೆಂಡಿನಲ್ಲಿ ದಾಟಿತೆಂಬುದನ್ನು ದಡದ ಮೇಲೆ ದೂರದಲ್ಲಿಯೇ ನಿಂತು ಗುರುತಿಸಬಹುದು, ಪ್ರವಾಹಕ್ಕೆ ಇಳಿಯಲೇಬಾರದು. ಮೇಲ್ಮೈಯ ಈ ವೇಗದ ಸುಮಾರು 0.85 ಪಾಲನ್ನು ಹಳ್ಳದ ಅಡ್ಡಕೊಯ್ತದ ವಿಸ್ತೀರ್ಣದಿಂದ ಗುಣಿಸಿದರೆ ಹರಿವಿನ ಪ್ರಮಾಣ ದೊರೆಯುವುದು. ಪ್ರೌಢಶಾಲೆಯ ಗಣಿತವೇ ಇದಕ್ಕೆ ಸಾಕು.

ಇಂಥ ದಾಖಲೆಯು ಹತ್ತು ವರ್ಷ ತಪ್ಪದೆ ಬೆಳೆದರೆ, ಒಡ್ಡಿನ ಕೋಡಿಯನ್ನು ಎಷ್ಟು ಅಗಲವಾಗಿ ಕಟ್ಟಬೇಕೆಂಬ ರೈತನ ಪ್ರಶ್ನೆಗೆ ಅವನ ಹಳ್ಳದ ಅಂಕಿಗಳಿಂದಲೇ ಉತ್ತರ ಹೇಳಬಹುದು.