ಕಲಾ ವಿಭಾಗದ ಬಾಗಿಲು ಮುಚ್ಚದಿರಲಿ



ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು ನಾನು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಮನೆಗೆ ಬಂದ ತಂದೆತಾಯಿಗಳಿಗೆಲ್ಲ ಒಂದೇ ಮಾತು ಹೇಳುತ್ತಿದ್ದೆ: "ಹುಡುಗ ಜಾಣ, ಸೈನ್ಸ್ ಕೊಡಿಸಿ. ಆರ್ಟ್ಸ್ ಓದಿದರೆ ಹೊಟ್ಟೆ ತುಂಬುವುದಿಲ್ಲ." ಅದು ಎಂಥ ಅರೆಬರೆ ಮಾತೆಂದು ನನಗೆ ಅರಿವಾದದ್ದು ಬಂದಳಿಕೆಯಲ್ಲಿ.

ಕಳೆದ ಬೇಸಿಗೆಯಲ್ಲಿ ಅಣ್ಣನ ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ಆಗಷ್ಟೇ ಪಿಯುಸಿ ಮುಗಿಸಿದ್ದಳು. ಶಾಂತಿನಾಥ ಬಸದಿ, ತ್ರಿಮೂರ್ತಿ ದೇವಾಲಯ ನೋಡಿದೆವು. ಶಾಸನದ ಕಲ್ಲೊಂದರ ಮುಂದೆ ನಿಂತು, "ಚಿಕ್ಕಪ್ಪ, ಇದು ಕನ್ನಡವೇ ಅಲ್ವಾ? ಏನು ಬರೆದಿದೆ?" ಎಂದಳು. ಒಂದು ಸಾಲೂ ಓದಲಾಗಲಿಲ್ಲ. ನನ್ನದೇ ತಾಲ್ಲೂಕಿನ ಕಲ್ಲು, ನನ್ನದೇ ಭಾಷೆ. ಅವಳ ಮುಂದೆ ನಾನು ಅನಕ್ಷರಸ್ಥನಾದೆ.

ಬಿ.ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ 7ನೇ ಸಂಪುಟವನ್ನು ಆಮೇಲೆ ಹುಡುಕಿ ಇಬ್ಬರೂ ಓದಿದೆವು. ಅದರಲ್ಲಿ ಜಕ್ಕಿಯಬ್ಬೆ ಸಿಕ್ಕಳು. 10ನೇ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ನಾಳ್ಗಾವುಂಡನಾಗಿದ್ದ ಗಂಡ ತೀರಿಕೊಂಡ ಮೇಲೆ ನಾಗರಖಂಡ ಎಪ್ಪತ್ತನ್ನು ಆಳಿದವಳು. ಕೊನೆಗೆ ಬಂದಳಿಕೆಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟವಳು. ಹೆಣ್ಣಿಗೆ ಅಧಿಕಾರವೇಕೆ ಎನ್ನುವವರು ಈಗಲೂ ಇದ್ದಾರೆ. ಅವರಿಗೆ ಉತ್ತರ ನಮ್ಮ ಕಲ್ಲಿನಲ್ಲೇ ಇತ್ತು. ಓದುವವರು ಬೇಕಿತ್ತು, ಅಷ್ಟೆ.

ಇದೇ ತಾಲ್ಲೂಕಿನ ಬಳ್ಳಿಗಾವಿ ಅಲ್ಲಮಪ್ರಭುಗಳ ನೆಲ, ಉಡುತಡಿ ಅಕ್ಕನ ನೆಲ. ಬಳ್ಳಿಗಾವಿಯ ಕೋಡಿಯಮಠದ 1162ರ ಶಾಸನ ಅಲ್ಲಿ ಏನೇನು ಕಲಿಸುತ್ತಿದ್ದರೆಂದು ಪಟ್ಟಿ ಕೊಡುತ್ತದೆ: ವೇದ, ವ್ಯಾಕರಣ, ದರ್ಶನ, ಪುರಾಣ, ಕಾವ್ಯ, ನಾಟಕ. ಅದೇ ಪಟ್ಟಿಯಲ್ಲಿ ಬಡವರಿಗೆ ಅನ್ನ, ರೋಗಿಗಳಿಗೆ ಔಷಧಿಯೂ ಇವೆ. ಅದು ಕಾಳಾಮುಖರ ಮಠ. ಅಲ್ಲಿನ ವೇದಶಾಸ್ತ್ರಗಳ ಓದು ಎಲ್ಲರದಾಗಿರಲಿಲ್ಲ. ಅರಿವನ್ನು ದುಡಿಯುವ ಜನರ ಕನ್ನಡಕ್ಕೆ ತಂದವರು ನಮ್ಮ ಶರಣರು. ಆದರೂ ಕಾವ್ಯ, ದರ್ಶನಗಳನ್ನು ಅನ್ನ, ಔಷಧಿಯ ಜೊತೆಗಿಟ್ಟು ನೋಡಿದ ಆ ದೃಷ್ಟಿ ನಮ್ಮ ಕಾಲೇಜುಗಳಿಗೆ ಇಂದು ಬೇಕಾಗಿದೆ.

"ಶರಣರೇನು ಬಿ.ಎ. ಓದಿದ್ದರೇ?" ಎಂದು ಗೆಳೆಯರೊಬ್ಬರು ಕೇಳಿದರು. ಓದಿರಲಿಲ್ಲ, ನಿಜ. ಆದರೆ ಅವರ ಮಾತು ನಮ್ಮ ಕೈಗೆ ಬಂದದ್ದು ಹೇಗೆ? ವಿಜಯಪುರದ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ತಾಡೋಲೆ ಕಟ್ಟುಗಳನ್ನು ಅರಸಿ ಅಲೆದರು, 1923ರಲ್ಲಿ 'ವಚನಶಾಸ್ತ್ರಸಾರ' ಹೊರತಂದರು, ಈ ಕಾಯಕಕ್ಕಾಗಿ ಮನೆಯನ್ನೂ ಮಾರಿದರು. ಕನ್ನಡ ಪ್ರಾಧ್ಯಾಪಕರಾಗಿದ್ದ ಎಂ.ಎಂ. ಕಲಬುರ್ಗಿಯವರು ಶಾಸನ, ವಚನಗಳ ಶೋಧನೆಯಲ್ಲೇ ಬದುಕು ಸವೆಸಿ, 2015ರ ಆಗಸ್ಟ್ 30ರಂದು ಗುಂಡಿಗೆ ಬಲಿಯಾದರು.

ಯಾವುದು ಶರಣರ ವಚನ, ಯಾವುದು ನಂತರದವರು ಸೇರಿಸಿದ್ದು ಎಂಬ ಚರ್ಚೆ ನಮ್ಮಲ್ಲಿ ಇನ್ನೂ ನಡೆದಿದೆ. ಅದನ್ನು ಘೋಷಣೆಯಿಂದ ಗೆಲ್ಲಲಾಗದು. ಹಳಗನ್ನಡ ಬರಬೇಕು, ಹಸ್ತಪ್ರತಿಗಳನ್ನು ಹೋಲಿಸಿ ನೋಡಬೇಕು, ಇತಿಹಾಸ ಗೊತ್ತಿರಬೇಕು. ನಮ್ಮ ಮಕ್ಕಳೆಲ್ಲ ಕಂಪ್ಯೂಟರಿನ ಮುಂದೆಯೇ ಕುಳಿತರೆ, ನಾಳೆ ನಮ್ಮ ಧರ್ಮದ ಬಗ್ಗೆ ಯಾರು ಏನು ಹೇಳಿದರೂ ತಲೆಯಾಡಿಸಬೇಕಾಗುತ್ತದೆ. ಪ್ರಶ್ನಿಸಲು ಕಲಿಸಿದ ಬಸವಣ್ಣನವರ ಮಕ್ಕಳಿಗೆ ಇದು ಶೋಭೆಯಲ್ಲ.

ಹೊಟ್ಟೆಯ ಪ್ರಶ್ನೆ ಸುಳ್ಳಲ್ಲ. ಮೆಕ್ಕೆಜೋಳದ ದರ ನಂಬಿ ಬದುಕುವ ಅಣ್ಣನಿಗೆ ಮಗಳ ನೌಕರಿಯ ಚಿಂತೆ ಇದ್ದೇ ಇದೆ. ಬಿ.ಎ. ಓದಿದವರು ಶಿಕ್ಷಕರೂ, ವಕೀಲರೂ, ಪತ್ರಕರ್ತರೂ, ತಹಶೀಲ್ದಾರರೂ ಆಗಿದ್ದಾರೆ ಎಂದು ಹೇಳಿದೆ. ಆದರೆ ಬಡ ರೈತನೊಬ್ಬನ ಮೇಲೆಯೇ ಈ ಭಾರವೆಲ್ಲ ಹೊರಿಸುವುದು ನ್ಯಾಯವಲ್ಲ. ಆದ್ದರಿಂದ ಪೂಜ್ಯರಲ್ಲಿ ನನ್ನ ಬಿನ್ನಹ: ವಿದ್ಯಾರ್ಥಿಗಳು ಕಡಿಮೆಯಾದರೆಂದು ಮಠದ ಕಾಲೇಜುಗಳ ಕಲಾ ವಿಭಾಗ ಮುಚ್ಚಬೇಡಿ. ಕನ್ನಡ, ಇತಿಹಾಸ ಓದುವ ಮಕ್ಕಳಿಗೆ ಪ್ರಸಾದನಿಲಯದಲ್ಲಿ ಕೆಲವು ಸ್ಥಾನ ಮೀಸಲಿಡಿ. ಜಾತ್ರೆಯ ಒಂದು ದಿನದ ಅಲಂಕಾರದ ಖರ್ಚು ಉಳಿಸಿದರೂ ಒಬ್ಬ ವಿದ್ಯಾರ್ಥಿಯ ಶುಲ್ಕ ಸಿಗುತ್ತದೆ. ಸೈನ್ಸ್ ಓದುವ ಮಕ್ಕಳಿಗೂ ರಜೆಯಲ್ಲಿ ಹತ್ತು ದಿನ ಶಾಸನ ಓದುವುದನ್ನು ಕಲಿಸಿ.

ನನ್ನ ಪಾಲಿನದನ್ನು ನಾನು ಮಾಡಿದ್ದೇನೆ. ಅಣ್ಣನನ್ನು ಒಪ್ಪಿಸಿ, ಅವಳನ್ನು ಬಿ.ಎ.ಗೆ ಸೇರಿಸಿ, ಮೂರು ವರ್ಷದ ಶುಲ್ಕ ನನ್ನ ಪಿಂಚಣಿಯಿಂದ ಎಂದು ಮಾತು ಕೊಟ್ಟಿದ್ದೇನೆ. ಮೊನ್ನೆ ರಜೆಗೆ ಬಂದವಳು ಹಳಗನ್ನಡದ ಅಕ್ಷರಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು ನನಗೇ ಪಾಠ ಹೇಳಿದಳು. ಮುಂದಿನ ಬೇಸಿಗೆಗೆ ಇಬ್ಬರೂ ಮತ್ತೆ ಬಂದಳಿಕೆಗೆ ಹೋಗುವವರಿದ್ದೇವೆ.