ಆಂಗ್ಲ ಸಮಾಸಗಳೂ ಎರವಲಿನ ಹೆಸರುಗಳೂ

ಆಂಗ್ಲ ವ್ಯಾಕರಣಕಾರರು ತಮ್ಮ ಸಮಸ್ತಪದಗಳನ್ನು ವಿಂಗಡಿಸುವಾಗ ಬಹುವ್ರೀಹಿ, ದ್ವಂದ್ವ ಎಂಬ ಸಂಸ್ಕೃತ ಸಂಜ್ಞೆಗಳನ್ನೇ ಉಪಯೋಗಿಸುತ್ತಾರೆಂದು ಕೇಳಿದೊಡನೆ ಕನ್ನಡ ನಾಡಿನ ವಿದ್ಯಾವಂತರು ಹಿಗ್ಗುವುದುಂಟು. 1933 ರಲ್ಲಿ ಪ್ರಕಟವಾದ ಬ್ಲೂಮ್‌ಫೀಲ್ಡನ 'ಲಾಂಗ್ವೇಜ್' ಗ್ರಂಥದಲ್ಲಿಯೂ ಈ ಹೆಸರುಗಳಿವೆ. ಹಿಗ್ಗಲಿ, ದೋಷವಿಲ್ಲ. ಆದರೆ ಹೆಸರು ಕಡಲನ್ನು ದಾಟುವಾಗ ಲಕ್ಷಣವು ಈಚೆಯ ದಡದಲ್ಲಿಯೇ ಉಳಿಯಿತೇ ಎಂಬುದನ್ನು ಹಿಗ್ಗುವವರು ವಿಚಾರಿಸುವುದಿಲ್ಲ.

ಬಹುವ್ರೀಹಿಯ ವಿಷಯದಲ್ಲಿ ದೂರು ಅಲ್ಪ. 'ರೆಡ್‌ಹೆಡ್' ಎಂದರೆ ಕೆಂಪು ತಲೆಯಲ್ಲ, ಕೆಂಗೂದಲುಳ್ಳ ವ್ಯಕ್ತಿ; ಹಣೆಗಣ್ಣನೆಂದರೆ ಕಣ್ಣಲ್ಲ, ಶಿವನು ಎಂಬಂತೆ. 'ಪಿಕ್‌ಪಾಕೆಟ್' ಎಂಬುದನ್ನೂ ಕೆಲವರು ಈ ಮನೆಗೇ ನೂಕುತ್ತಾರೆ. ಜೇಬುಗಳ್ಳನು ಜೇಬುಳ್ಳವನೆಂದೇ ಅವರ ಮತವಿರಬೇಕು!

ನಿಜವಾದ ಅನ್ಯಾಯವಾಗಿರುವುದು ದ್ವಂದ್ವಕ್ಕೆ. ಪಾಣಿನಿಯು 'ಚ'ಕಾರದ ಅರ್ಥದಲ್ಲಿ ದ್ವಂದ್ವವನ್ನು ವಿಧಿಸಿದನು. ರಾಮಲಕ್ಷ್ಮಣರೆಂದರೆ ಇಬ್ಬರು, ಸಂಸ್ಕೃತದ ದ್ವಿವಚನವೇ ಅದಕ್ಕೆ ಸಾಕ್ಷಿ. ಕನ್ನಡದಲ್ಲಿಯೂ 'ಗಿಡಮರಬಳ್ಳಿಗಳು' ಬಹುವಚನವೇ. ಆದರೆ ಇಂಗ್ಲಿಷ್ ಕೈಪಿಡಿಗಳಲ್ಲಿ ದ್ವಂದ್ವಕ್ಕೆ ಕೊಡುವ ಉದಾಹರಣೆ 'ಆಕ್ಟರ್-ಡೈರೆಕ್ಟರ್' ಎಂಬಂಥದು. ಅಲ್ಲಿ ನಟನೂ ನಿರ್ದೇಶಕನೂ ಒಬ್ಬನೇ. ಎರಡು ಪದಗಳೂ ಒಂದೇ ವ್ಯಕ್ತಿಯನ್ನು ಹೇಳುವುದರಿಂದ ಅದು ಕರ್ಮಧಾರಯ. 'ಬಿಟರ್‌ಸ್ವೀಟ್' ಎಂಬಲ್ಲಿ ಕಹಿಯೂ ಸಿಹಿಯೂ ಒಂದೇ ವಸ್ತುವಿನ ರುಚಿ. ಶೀತೋಷ್ಣಜಲದ 'ಶೀತೋಷ್ಣ'ದಂತೆ ಅದೂ ಕರ್ಮಧಾರಯವೇ. ನಿಜವಾದ ದ್ವಂದ್ವವು ಬೇಕಾದರೆ 1867 ರಿಂದ 1918 ರವರೆಗೆ ಬಾಳಿದ ಆಸ್ಟ್ರಿಯಾ-ಹಂಗೆರಿಯ ಹೆಸರನ್ನು ನೋಡಬಹುದು: ಎರಡು ನಾಡು, ಒಂದು ಪದ.

ಹೊಸ ಶಾಸ್ತ್ರದಲ್ಲಿ ಹಳೆಯ ಸಂಜ್ಞೆಗೆ ಹೊಸ ಅರ್ಥವನ್ನು ಕೊಡಲು ಶಾಸ್ತ್ರಕಾರನು ಸ್ವತಂತ್ರನೆಂದು ಕೆಲವರು ವಾದಿಸುವರು. ಹಾಗಾದರೆ ಲ್ಯಾಟಿನ್ ಮೂಲದ 'ಕಾಪ್ಯುಲೇಟಿವ್' ಎಂಬ ಹೆಸರೇ ಅವರಿಗೆ ಸಾಕಾಗಿತ್ತು. ಸಂಸ್ಕೃತ ಸಂಜ್ಞೆಯ ಬೆಲೆಯೆಲ್ಲವೂ ಅದು ತೋರುವ ಸೂಕ್ಷ್ಮ ಭೇದದಲ್ಲಿಯೇ ಇದೆ. ಇದರ ನಷ್ಟವಾದರೂ ಇಂಗ್ಲೆಂಡಿಗಲ್ಲ. ಕನ್ನಡದ ವಿದ್ಯಾರ್ಥಿಯು ಆ ಕೈಪಿಡಿಗಳನ್ನೋದಿ, ತಾತನಿಗೆ ತಿಳಿದಿದ್ದ ಭೇದವನ್ನು ಮರೆತು, ನಟನಿರ್ದೇಶಕನನ್ನು ದ್ವಂದ್ವವೆಂದು ಬರೆದು ಬಿಡುತ್ತಾನೆ.

ಹದಿಮೂರನೆಯ ಶತಮಾನದ ಕೇಶಿರಾಜನು ಸಂಸ್ಕೃತದ ದಾರಿಯನ್ನೇ ಹಿಡಿದವನಾದರೂ, ನಾಮಪದವು ಕ್ರಿಯೆಯೊಡನೆ ಬೆರೆಯುವ ಕನ್ನಡದ ರೂಢಿಯನ್ನು ಕಂಡು, ಕ್ರಿಯಾಸಮಾಸವನ್ನು ಬೇರೆಯಾಗಿಯೇ ಹೇಳಿದನು. ಮೈಮರೆ, ಕೈಹಿಡಿ ಎಂಬಂಥವು ಆ ಜಾತಿಯವು. ಆಂಗ್ಲದ 'ಬೇಬಿಸಿಟ್' ಕೂಡ ಕ್ರಿಯಾಸಮಾಸವೆಂದು ಈಗಲೇ ಡಂಗುರ ಸಾರಲು ಹೊರಟ ಅಭಿಮಾನಿಗಳು ಸ್ವಲ್ಪ ತಡೆಯಬೇಕು. ಅದು 'ಬೇಬಿಸಿಟರ್' ಎಂಬ ನಾಮಪದದ ಬಾಲವನ್ನು ಕತ್ತರಿಸಿ ಹುಟ್ಟಿದ ಕ್ರಿಯೆ.